ಚೆಂಡುಹೂವಿನಿಂದ ಮೆಕ್ಸಿಕೋಗೆ, ಗೊಂಬೆಹಬ್ಬದಿಂದ ಜಪಾನಿಗೆ

ಶಾಲೆಯಲ್ಲಿ 'ವಿಶ್ವ ಸಂಸ್ಕೃತಿ ದಿನ' ಬಂತೆಂದರೆ ಮಕ್ಕಳಿಗೆ ಸಿಗುವ ಕೆಲಸ ಹೆಚ್ಚಾಗಿ ಒಂದೇ ಬಗೆಯದು. ಬಾವುಟಕ್ಕೆ ಬಣ್ಣ ತುಂಬುವುದು, ರಟ್ಟಿನ ಟೋಪಿ ಮಾಡಿ ತಲೆಗಿಟ್ಟುಕೊಳ್ಳುವುದು, ರಾಜಧಾನಿಯ ಹೆಸರನ್ನೂ ನಾಣ್ಯದ ಹೆಸರನ್ನೂ ಬಾಯಿಪಾಠ ಮಾಡುವುದು. ಸಂಜೆಯ ಹೊತ್ತಿಗೆ ಟೋಪಿ ಕಸದ ಬುಟ್ಟಿ ಸೇರಿರುತ್ತದೆ. ಆ ದೇಶದಲ್ಲೂ ಅಜ್ಜಿಯರಿದ್ದಾರೆ, ಅಡುಗೆಮನೆಗಳಿವೆ, ಹಟಮಾರಿ ತಮ್ಮಂದಿರಿದ್ದಾರೆ ಎಂಬುದು ಮಗುವಿನ ಮನಸ್ಸಿಗೆ ಬರುವುದೇ ಇಲ್ಲ.

ಮಕ್ಕಳಿಗೆ ಹೊರಲೋಕವನ್ನು ಪರಿಚಯಿಸಲು ಕೈಕೆಲಸದಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಕಾಗದ ಎಲ್ಲಿ ಹರಿಯುತ್ತದೆ, ಬಣ್ಣ ಎಲ್ಲಿ ಹರಡಿಬಿಡುತ್ತದೆ, ಒಂದು ಅಂಚು ನೆಟ್ಟಗೆ ಬರಲು ಎಷ್ಟು ತಾಳ್ಮೆ ಬೇಕು ಎಂಬುದು ಕೈಗೆ ತಿಳಿದ ಮೇಲೆ, ಅದನ್ನೇ ಕಸುಬಾಗಿ ಮಾಡುವವರ ಮೇಲೆ ಮಗುವಿಗೆ ಗೌರವ ತಾನಾಗಿ ಹುಟ್ಟುತ್ತದೆ. ಆದರೆ ಆರಿಸುವಾಗ ಎರಡು ವಿಷಯ ನೋಡಬೇಕು. ಮಾಡಿಸುವ ವಸ್ತು ಆ ಊರಿನ ಜನ ನಿಜವಾಗಿಯೂ ಮಾಡುವಂಥದ್ದೇ ಆಗಿರಬೇಕು. ಮತ್ತೆ, ನಮ್ಮ ಮನೆಯಲ್ಲಿ ಮಗು ಈಗಾಗಲೇ ಕಂಡಿರುವ ಯಾವುದಾದರೊಂದರಿಂದ ಅಲ್ಲಿಗೆ ದಾರಿ ಇರಬೇಕು. ಒಂದು ಬೇಸಿಗೆ ರಜೆಯಲ್ಲಿ ಹತ್ತು ದೇಶ ಮುಗಿಸುವ ಆತುರ ಬೇಡ. ನಮ್ಮ ಹಬ್ಬಗಳ ಜೊತೆಗೆ ಹೊಂದಿಸಿಕೊಂಡು ವರ್ಷಕ್ಕೆ ನಾಲ್ಕು ಮಾಡಿದರೆ ಧಾರಾಳವಾಯಿತು.

ಹಿರಿಯರ ಎಡೆ, ಕಾಗದದ ತೋರಣ

ದಸರೆ ದೀಪಾವಳಿಗೆ ನಾವು ಮಾರುಗಟ್ಟಲೆ ತರುವ ಚೆಂಡುಹೂವಿನ ತವರು ಮೆಕ್ಸಿಕೋ ಎಂದರೆ ದೊಡ್ಡವರಿಗೇ ಆಶ್ಚರ್ಯವಾಗುತ್ತದೆ. ಮೆಣಸಿನಕಾಯಿ, ಟೊಮೆಟೊಗಳ ಹಾಗೆ ಅದೂ ಅಮೆರಿಕ ಖಂಡದಿಂದ ಸಮುದ್ರ ದಾಟಿ ಬಂದ ಗಿಡ. ಮೆಕ್ಸಿಕೋದಲ್ಲಿ ಅದಕ್ಕೆ ಸೆಂಪಾಸೂಚಿಲ್ ಎನ್ನುತ್ತಾರೆ. ನವೆಂಬರ್ 1 ಮತ್ತು 2ರಂದು ಅಲ್ಲಿ 'ಸತ್ತವರ ದಿನ' ನಡೆಯುತ್ತದೆ. ತೀರಿಕೊಂಡವರು ಆ ಎರಡು ದಿನ ಮನೆಗೆ ಬಂದು ಹೋಗುತ್ತಾರೆಂಬ ನಂಬಿಕೆ. ಅವರಿಗೆ ದಾರಿ ಗೊತ್ತಾಗಲೆಂದು ಬೀದಿಯಿಂದ ಮನೆಯೊಳಗಿನವರೆಗೆ ಚೆಂಡುಹೂವಿನ ಎಸಳುಗಳನ್ನು ಉದುರಿಸುತ್ತಾರೆ. ಒಳಗೆ ಮೇಜಿನ ಮೇಲೆ ಅವರ ಫೋಟೋ, ಒಂದು ಲೋಟ ನೀರು, ಉಪ್ಪು, ಮೇಣದಬತ್ತಿ, ಕೊಪಾಲ್ ಎಂಬ ಮರದಂಟಿನ ಧೂಪ, ಬದುಕಿದ್ದಾಗ ಅವರು ಇಷ್ಟಪಟ್ಟು ತಿನ್ನುತ್ತಿದ್ದ ತಿನಿಸು ಇರುತ್ತವೆ. ಈ ಆಚರಣೆಯನ್ನು ಯುನೆಸ್ಕೋ 2008ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ಮನೆಯ ಮಗುವಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. 'ನಾವು ತಾತನಿಗೆ ವಡೆ ಇಡ್ತೀವಲ್ಲ, ಹಾಗೇನಾ?' ಎಂದು ಅದೇ ಕೇಳುತ್ತದೆ. ಹಾಗೆಯೇ ಎನ್ನಿ, ಬೇರೆಯಾಗಿರುವುದನ್ನೂ ಹೇಳಿ. ಅಲ್ಲಿ ಸಮಾಧಿಗಳ ಬಳಿ ಹಾಡು, ವಾದ್ಯ, ಊಟ ಎಲ್ಲವೂ ಉಂಟು. ಸಕ್ಕರೆಯಲ್ಲಿ ತಲೆಬುರುಡೆ ಮಾಡಿ ಅದರ ಮೇಲೆ ಹೆಸರು ಬರೆಯುತ್ತಾರೆ. 2017ರ 'ಕೋಕೋ' ಚಿತ್ರ ನೋಡಿರುವ ಮಕ್ಕಳಿಗೆ ಇದರ ಬಣ್ಣ, ಗದ್ದಲ ಎಲ್ಲವೂ ಕಣ್ಣಿಗೆ ಕಟ್ಟಿರುತ್ತದೆ. ಆ ಚಿತ್ರ ಶುರುವಾಗುವುದೇ ಕತ್ತರಿಸಿದ ಕಾಗದದ ತೋರಣಗಳಲ್ಲಿ ಕಥೆ ಹೇಳುವುದರಿಂದ. ನಾವು ಮಾಡಬೇಕಾದದ್ದೂ ಆ ತೋರಣವನ್ನೇ. ಹೆಸರು ಪಾಪೆಲ್ ಪಿಕಾಡೋ.

ಪುಯೆಬ್ಲಾ ರಾಜ್ಯದ ಸಾನ್ ಸಾಲ್ವಡೋರ್ ವೀಶ್‌ಕೊಲೋಟ್ಲಾ ಎಂಬ ಊರು ಇದಕ್ಕೆ ಹೆಸರುವಾಸಿ. ಅಲ್ಲಿನ ಕುಶಲಕರ್ಮಿಗಳು ಕತ್ತರಿ ಬಳಸುವುದಿಲ್ಲ. ತೆಳು ಕಾಗದಗಳನ್ನು ಹತ್ತಾರು ಹಾಳೆಗಳ ಕಟ್ಟು ಮಾಡಿ, ಮೇಲೆ ನಕ್ಷೆಯಿಟ್ಟು, ಸಣ್ಣ ಉಳಿಗಳಿಂದ ಸುತ್ತಿಗೆಯಲ್ಲಿ ಹೊಡೆಯುತ್ತಾರೆ. ಈ ಕಾಗದಕ್ಕೆ ಅಲ್ಲಿ ಇಂದಿಗೂ 'ಚೀನಾ ಕಾಗದ' ಎಂದೇ ಹೆಸರು. ಸ್ಪೇನಿನ ಆಳ್ವಿಕೆಯ ಕಾಲದಲ್ಲಿ, 1565ರಿಂದ 1815ರವರೆಗೆ, ಮನಿಲಾದಿಂದ ಅಕಪುಲ್ಕೋಗೆ ಓಡಾಡುತ್ತಿದ್ದ ಹಡಗುಗಳಲ್ಲಿ ಏಷ್ಯಾದ ಸರಕು ಮೆಕ್ಸಿಕೋ ಸೇರುತ್ತಿತ್ತು. ಅದಕ್ಕೂ ಮುಂಚೆ ಅಲ್ಲಿನ ಮೂಲನಿವಾಸಿಗಳು ಮರದ ತೊಗಟೆಯಿಂದ ಅಮಾತೆ ಎಂಬ ಕಾಗದ ಮಾಡುತ್ತಿದ್ದರು. ಆ ಮರ ನಮ್ಮ ಆಲ, ಅತ್ತಿ, ಅರಳಿಗಳದೇ ಕುಲದ್ದು. ಮನೆ ಹತ್ತಿರ ಆಲದಮರವಿದ್ದರೆ ಮಗುವನ್ನು ಕರೆದೊಯ್ದು ತೊಗಟೆ ಮುಟ್ಟಿಸಿ, ಇದರ ನಂಟರಿಂದ ಅಲ್ಲಿ ಕಾಗದವಾಗುತ್ತದೆ ಎಂದು ತಿಳಿಸಿ.

ಮನೆಯಲ್ಲಿ ಮಾಡಲು ಗಾಳಿಪಟದ ಕಾಗದ ಸರಿಯಾಗಿ ಹೊಂದುತ್ತದೆ. ಅಂಗೈ ಎರಡರಷ್ಟು ಅಗಲದ, ಒಂದೂವರೆ ಗೇಣು ಉದ್ದದ ತುಂಡುಗಳನ್ನು ಮಾಡಿಕೊಳ್ಳಿ. ಮೇಲಿನ ಮೂರು ಸೆಂಟಿಮೀಟರಿಗೆ ಪೆನ್ಸಿಲ್ ಗೆರೆ ಎಳೆದು, ಅಲ್ಲಿಗೆ ಕತ್ತರಿ ಹೋಗಬಾರದು ಎಂದು ಮೊದಲೇ ಹೇಳಿ. ದಾರಕ್ಕೆ ಮಡಚಿ ಅಂಟಿಸಬೇಕಾದ ಭಾಗ ಅದು. ಹಾಳೆಯನ್ನು ಉದ್ದಕ್ಕೆ ಅರ್ಧ, ಮತ್ತೆ ಅರ್ಧ ಮಡಚಿ, ಮಡಿಕೆಯ ಅಂಚಿನಿಂದ ಅರ್ಧಚಂದ್ರ, ತ್ರಿಕೋನ, ಎಲೆಯಾಕಾರಗಳನ್ನು ಕತ್ತರಿಸಿ ತೆಗೆಯಬೇಕು. ಒಂದು ಮಡಿಕೆಯಿಂದ ಹೊರಟ ಕತ್ತರಿ ಎದುರಿನ ಮಡಿಕೆಯವರೆಗೆ ಹೋದರೆ ಕಾಗದ ಎರಡು ತುಂಡು. ಈ ಒಂದು ನಿಯಮ ಕೈಗೆ ಬಂದರೆ ಉಳಿದದ್ದನ್ನು ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ. ಕೆಳಗಿನ ಅಂಚಿಗೆ ಜಾಲರಿ ಮಾಡಿ. ಬಿಡಿಸುವಾಗ ಅವಸರಪಟ್ಟರೆ ಹರಿಯುತ್ತದೆ, ಮೇಜಿನ ಮೇಲಿಟ್ಟು ಒಂದೊಂದೇ ಮಡಿಕೆ ಬಿಡಿಸಲಿ. ದಾರವನ್ನು ಗೋಡೆಗೆ ಒತ್ತಿ ಕಟ್ಟಬೇಡಿ, ಬಾಗಿಲಲ್ಲೋ ಕಿಟಕಿಯಲ್ಲೋ ಗಾಳಿ ಆಡುವಲ್ಲಿ ಕಟ್ಟಿ. ತೋರಣ ಅಲುಗಿದರೆ ಹಿರಿಯರು ಬಂದರೆಂದು ಅಲ್ಲಿ ಹೇಳುವವರಿದ್ದಾರೆ. ಏಳೆಂಟು ವರ್ಷದ ಮಕ್ಕಳು ಇದನ್ನು ಪೂರ್ತಿ ತಾವೇ ಮಾಡಬಲ್ಲರು. ಅಸ್ಥಿಪಂಜರದ ಚಿತ್ರಕ್ಕೆ ಹೆದರುವ ಚಿಕ್ಕವರಿಗೆ ಹೂವು, ಹಕ್ಕಿ ಸಾಕು. ಮೆಕ್ಸಿಕೋದಲ್ಲೂ ಮದುವೆ, ನಾಮಕರಣದ ತೋರಣಗಳಲ್ಲಿ ಅವೇ ಇರುತ್ತವೆ.

ಮೆಟ್ಟಿಲ ಮೇಲಿನ ಗೊಂಬೆಗಳು

ನವರಾತ್ರಿಗೆ ಗೊಂಬೆ ಕೂರಿಸುವ ಮನೆಗಳಿಂದ ಜಪಾನಿಗೆ ತೀರಾ ಹತ್ತಿರದ ದಾರಿಯಿದೆ. ನಮ್ಮಲ್ಲಿ ಮೇಲಿನ ಮೆಟ್ಟಿಲಿನಲ್ಲಿ ಪಟ್ಟದ ಗೊಂಬೆಗಳು, ರಾಜ ರಾಣಿ. ಜಪಾನಿನಲ್ಲಿ ಮಾರ್ಚ್ 3ರಂದು ಹೆಣ್ಣುಮಕ್ಕಳಿಗಾಗಿ ನಡೆಯುವ ಹಿನಾಮತ್ಸುರಿ ಹಬ್ಬದಲ್ಲಿ ಕೆಂಪು ಬಟ್ಟೆ ಹಾಸಿದ ಮೆಟ್ಟಿಲುಗಳ ತುದಿಯಲ್ಲಿ ಚಕ್ರವರ್ತಿ ಮತ್ತು ಸಾಮ್ರಾಜ್ಞಿ. ಅವರ ಕೆಳಗೆ ಅರಮನೆಯ ಮೂವರು ಸಖಿಯರು, ಅದರ ಕೆಳಗೆ ಐವರು ವಾದ್ಯಗಾರರು. ಪೂರ್ತಿ ಜೋಡಣೆಯಾದರೆ ಏಳು ಮೆಟ್ಟಿಲು. ನಮ್ಮಲ್ಲಿ ಮಗಳ ಮದುವೆಗೆ ತವರಿನವರು ಪಟ್ಟದ ಗೊಂಬೆ ಕೊಟ್ಟು ಕಳಿಸುತ್ತಿದ್ದರು. ಅಲ್ಲಿ ಹೆಣ್ಣು ಮಗು ಹುಟ್ಟಿದಾಗ ತಾಯಿಯ ತವರಿನವರು ಹಿನಾ ಗೊಂಬೆ ಕೊಡುವ ವಾಡಿಕೆಯಿದೆ. ಹಬ್ಬ ಮುಗಿದ ಮೇಲೆ ಗೊಂಬೆಗಳನ್ನು ಬೇಗ ಎತ್ತಿಡದಿದ್ದರೆ ಮಗಳ ಮದುವೆ ತಡವಾಗುತ್ತದೆಂದು ಅಲ್ಲಿನ ಹಿರಿಯರು ಹೇಳುತ್ತಾರೆ. ಇದನ್ನು ಕೇಳಿದ ನಮ್ಮ ಅಜ್ಜಿಯರು ನಗುತ್ತಾ ಒಪ್ಪಿಕೊಳ್ಳುವುದನ್ನು ನೋಡಬೇಕು!

ಈ ದಸರೆಗೆ ನಿಮ್ಮ ಮೆಟ್ಟಿಲುಗಳ ಪಕ್ಕದಲ್ಲಿ ಪುಟ್ಟದೊಂದು ಕೆಂಪು ಬಟ್ಟೆಯ ಮೆಟ್ಟಿಲು ಮಾಡಿ, ಮಕ್ಕಳ ಕೈಯಲ್ಲಿ ಕಾಗದದ ಹಿನಾ ಜೋಡಿ ಮಾಡಿಸಿ. ಐಸ್‌ಕ್ರೀಂ ಕಡ್ಡಿಯ ತುದಿಗೆ ಬಿಳಿ ರಟ್ಟಿನ ದುಂಡು ಮುಖ ಅಂಟಿಸಿ, ಕಪ್ಪು ಕಾಗದದಲ್ಲಿ ಕೂದಲು ಮಾಡಿ. ಉಡುಗೆಗೆ 15 ಸೆಂಟಿಮೀಟರಿನ ಚೌಕ, ಹೂವಿನ ಚಿತ್ರವಿರುವ ಉಡುಗೊರೆ ಕಾಗದ ಚೆನ್ನ. ಮೇಲಿನ ಅಂಚನ್ನು ಒಂದು ಬೆರಳಿನಷ್ಟು ಹಿಂದೆ ಮಡಚಿದರೆ ಕೊರಳಪಟ್ಟಿಯಾಯಿತು. ಅದರ ನಡುವೆ ಕಡ್ಡಿಯಿಟ್ಟು ಎರಡೂ ಬದಿಯನ್ನು ಎದೆಯ ಮೇಲೆ ತರಬೇಕು. ಇಲ್ಲೊಂದು ಮುಖ್ಯವಾದ ಸಂಗತಿಯಿದೆ. ಗೊಂಬೆ ನಮ್ಮ ಕಡೆ ನೋಡುತ್ತಿರುವಾಗ, ಮೊದಲು ನಮ್ಮ ಎಡಗಡೆಯ ಬದಿ, ಅದರ ಮೇಲೆ ನಮ್ಮ ಬಲಗಡೆಯ ಬದಿ ಬರಬೇಕು. ಅಂದರೆ ಗೊಂಬೆಯ ಎಡಭಾಗ ಮೇಲೆ. ಕಿಮೋನೋವನ್ನು ಗಂಡಸರೂ ಹೆಂಗಸರೂ ಹೀಗೇ ಉಡುತ್ತಾರೆ. ಬಲಭಾಗ ಮೇಲೆ ಬರುವಂತೆ ಉಡಿಸುವುದು ಶವಕ್ಕೆ ಮಾತ್ರ. ಅಂತರ್ಜಾಲದಲ್ಲಿ ಸಿಗುವ ಎಷ್ಟೋ ಕಾಗದದ ಗೊಂಬೆಗಳಲ್ಲಿ ಇದು ತಿರುಗುಮುರುಗಾಗಿರುತ್ತದೆ. ಮಗುವಿಗೆ ಕಾರಣ ಹೇಳಿದರೆ ಅದು ಮುಂದೆಂದೂ ಮರೆಯುವುದಿಲ್ಲ. ಇಂಥ ಚಿಕ್ಕ ವಿವರವನ್ನು ಕಾಪಾಡುವುದರಲ್ಲೇ ಆ ಜನರಿಗೆ ನಾವು ತೋರಿಸುವ ಮರ್ಯಾದೆಯಿದೆ.

ಒಂಬತ್ತು ಹತ್ತು ವರ್ಷ ದಾಟಿದ ಮಕ್ಕಳಿಗೆ ಒರಿಗಾಮಿ ಕೊಕ್ಕರೆ ಕಲಿಸಿ. ಅದಕ್ಕಿಂತ ಚಿಕ್ಕವರಿಗೆ ಕೊಡಬೇಡಿ, ನಡುವಿನ ಮಡಿಕೆಗಳಲ್ಲಿ ಸೋತು ಅಳುತ್ತಾರೆ. ಅವರಿಗೆ ನಾಯಿಮುಖ, ಲೋಟ, ದೋಣಿ ಇವೆ. ಅಕಿರಾ ಯೋಶಿಝಾವಾ (1911–2005) ಎಂಬ ಕಲಾವಿದರು ಚುಕ್ಕೆಗೆರೆ, ಬಾಣಗಳಿಂದ ಮಡಿಕೆಗಳನ್ನು ಸೂಚಿಸುವ ಕ್ರಮವನ್ನು ರೂಪಿಸಿದ್ದರಿಂದ ಜಪಾನಿ ಭಾಷೆ ಬಾರದಿದ್ದರೂ ಅಲ್ಲಿನ ಪುಸ್ತಕ ನೋಡಿ ಮಡಚಬಹುದು. ಮಕ್ಕಳಿಗೆ ಇದೊಂದು ಗುಪ್ತಲಿಪಿ ಓದಿದಷ್ಟು ಖುಷಿ. ಪ್ರತಿ ಮಡಿಕೆಯನ್ನೂ ಉಗುರಿನಿಂದ ಗಟ್ಟಿಯಾಗಿ ತೀಡಬೇಕು. ಕೊಕ್ಕರೆ ಸೊಟ್ಟಗಾಯಿತೆಂದರೆ ಬಹುತೇಕ ಮೊದಲ ಎರಡು ಮಡಿಕೆಯಲ್ಲೇ ಅಂಚು ಕೂಡಿರುವುದಿಲ್ಲ.

ಕೊಕ್ಕರೆ ಮಡಚುವಾಗ ಸದಾಕೊ ಸಸಾಕಿಯ ಕಥೆ ಹೇಳದೆ ಇರಲಾಗದು. 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಬಾಂಬು ಬಿದ್ದಾಗ ಅವಳಿಗೆ ಎರಡು ವರ್ಷ. ಹತ್ತು ವರ್ಷಗಳ ನಂತರ ರಕ್ತದ ಕ್ಯಾನ್ಸರ್ ಕಾಣಿಸಿಕೊಂಡು ಆಸ್ಪತ್ರೆ ಸೇರಿದಳು. ಸಾವಿರ ಕೊಕ್ಕರೆ ಮಡಚಿದರೆ ಬಯಕೆ ಈಡೇರುತ್ತದೆಂಬ ನಂಬಿಕೆಯಿಂದ, ಔಷಧಿ ಸುತ್ತಿದ ಕಾಗದಗಳನ್ನೂ ಬಿಡದೆ ಮಡಚುತ್ತಾ ಹೋದಳು. 1955ರ ಅಕ್ಟೋಬರ್ 25ರಂದು, ಹನ್ನೆರಡನೆಯ ವಯಸ್ಸಿನಲ್ಲಿ, ತೀರಿಕೊಂಡಳು. ಅವಳ ಸಹಪಾಠಿಗಳು ಹಣ ಕೂಡಿಸಲು ಹೊರಟರು, ಜಪಾನಿನಾದ್ಯಂತ ಮಕ್ಕಳು ಕೈಜೋಡಿಸಿದರು. 1958ರ ಮೇ 5ರಂದು, ಅಲ್ಲಿನ ಮಕ್ಕಳ ದಿನದಂದು, ಹಿರೋಶಿಮಾದ ಶಾಂತಿ ಉದ್ಯಾನದಲ್ಲಿ ಮಕ್ಕಳ ಶಾಂತಿ ಸ್ಮಾರಕ ಎದ್ದು ನಿಂತಿತು. ಇಂದಿಗೂ ಪ್ರತಿ ವರ್ಷ ಸುಮಾರು ಒಂದು ಕೋಟಿ ಕಾಗದದ ಕೊಕ್ಕರೆಗಳು ಪ್ರಪಂಚದ ಮೂಲೆಮೂಲೆಯಿಂದ ಅಲ್ಲಿಗೆ ಬರುತ್ತವೆ. ಹಿರೋಶಿಮಾ ನಗರಾಡಳಿತ ಅಂಚೆಯಲ್ಲಿ ಬಂದವನ್ನೂ ಸ್ವೀಕರಿಸಿ, ಕಳಿಸಿದವರ ಹೆಸರನ್ನು ದಾಖಲಿಸುತ್ತದೆ. ಒಂದು ತರಗತಿಯ ಮಕ್ಕಳು ಸೇರಿ ಮಾಡಬಹುದಾದ ಕೆಲಸ ಇದು. ಕಥೆಯನ್ನು ಎಂಟು ವರ್ಷದ ಮೇಲಿನವರಿಗೆ ನೇರವಾಗಿಯೇ ಹೇಳಿ. ಸಾವನ್ನು ಮುಚ್ಚಿಟ್ಟು ಸಿಹಿ ಮಾಡಿ ಹೇಳಿದರೆ ಕೊಕ್ಕರೆಯ ಅರ್ಥವೇ ಹೋಗಿಬಿಡುತ್ತದೆ.

ಗಾದೆಯನ್ನು ಬಟ್ಟೆಗೆ ಒತ್ತುವುದು

ಮಾತಿಗೊಂದು ಗಾದೆ ಹೇಳುವ ಅಜ್ಜಿ ಮನೆಯಲ್ಲಿದ್ದರೆ ಘಾನಾ ದೇಶಕ್ಕೆ ಹೋಗುವುದು ಸುಲಭ. ಅಲ್ಲಿನ ಅಸಾಂಟೆ ಜನ ಗಾದೆಗಳನ್ನು ಬಟ್ಟೆಯ ಮೇಲೆ ಗುರುತುಗಳಾಗಿ ಒತ್ತುತ್ತಾರೆ. ಈ ಬಟ್ಟೆಗೆ ಅಡಿಂಕ್ರಾ ಎಂದು ಹೆಸರು. ಹಿಂದೆ ಇದನ್ನು ಮುಖ್ಯವಾಗಿ ಸಾವಿನ ಮನೆಯಲ್ಲಿ, ಅಗಲಿದವರಿಗೆ ವಿದಾಯ ಹೇಳುವಾಗ ಉಡುತ್ತಿದ್ದರು. ಈಗ ಎಲ್ಲ ಸಮಾರಂಭಗಳಿಗೂ ಉಂಟು. 1817ರಲ್ಲಿ ಕುಮಾಸಿಯಿಂದ ಒಯ್ದ ಒಂದು ಬಟ್ಟೆ ಇಂದಿಗೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಕುಮಾಸಿಯ ಹತ್ತಿರದ ಎನ್‌ಟೊನ್ಸೋ ಎಂಬ ಊರಿನಲ್ಲಿ ಇಂದಿಗೂ ಮರದ ತೊಗಟೆ ಕುಟ್ಟಿ, ನೆನೆಸಿ, ದಿನವಿಡೀ ಕುದಿಸಿ ಕಪ್ಪು ಬಣ್ಣ ತಯಾರಿಸುತ್ತಾರೆ. ಅಚ್ಚು ಕೊರೆಯುವುದು ಒಣಗಿದ ಸೋರೆಬುರುಡೆಯ ತುಂಡಿನಲ್ಲಿ. ನಮ್ಮ ತಂಬೂರಿಗೆ ಬುರುಡೆಯಾಗುವ ಸೋರೆ ಅಲ್ಲಿ ಅಚ್ಚಾಗುತ್ತದೆ.

ಗುರುತುಗಳಲ್ಲಿ ಮಕ್ಕಳಿಗೆ ಬೇಗ ಹತ್ತಿರವಾಗುವವು ಕೆಲವಿವೆ. ಸಾಂಕೋಫಾ, ಕತ್ತನ್ನು ಹಿಂದಕ್ಕೆ ತಿರುಗಿಸಿದ ಹಕ್ಕಿ: ಮರೆತದ್ದನ್ನು ಹಿಂದಿರುಗಿ ಹೋಗಿ ತಂದುಕೊಂಡರೆ ತಪ್ಪಿಲ್ಲ ಎಂಬುದು ಅದರ ಮಾತು. ಡ್ವೆನ್ನಿಮ್ಮೆನ್, ಟಗರಿನ ಸುರುಳಿ ಕೊಂಬುಗಳು: ಬಲವಿದ್ದರೂ ವಿನಯವಿರಲಿ. ಹಲ್ಲು ಮತ್ತು ನಾಲಿಗೆಯ ಗುರುತೊಂದಿದೆ. ಒಮ್ಮೊಮ್ಮೆ ಕಚ್ಚಿದರೂ ಎರಡೂ ಒಂದೇ ಬಾಯಲ್ಲಿ ಬಾಳಬೇಕಲ್ಲ! ಅಣ್ಣತಂಗಿಯರಿಗೆ ಇದಕ್ಕಿಂತ ಚೆನ್ನಾಗಿ ಹೇಳಲು ನನಗಂತೂ ಬಾರದು.

ಸವೆದ ಹವಾಯಿ ಚಪ್ಪಲಿಯ ಅಡಿಭಾಗ ಅಚ್ಚಿಗೆ ಬಲು ಒಳ್ಳೆಯದು. ತೊಳೆದು ಒಣಗಿಸಿ, ಗುರುತು ಬರೆದು, ದೊಡ್ಡವರು ಬ್ಲೇಡಿನಿಂದ ಕತ್ತರಿಸಿ, ಮರದ ತುಂಡಿಗೆ ಅಂಟಿಸಿಕೊಡಿ. ನಾಲ್ಕೈದು ವರ್ಷದ ಮಗು ಕೂಡ ಒತ್ತಬಹುದು. ಹಳೆಯ ಬಿಳಿ ಪಂಚೆಯ ತುಂಡನ್ನು ನೆಲದ ಮೇಲೆ ಎಳೆದು ಹಾಸಿ, ಅಡಿಯಲ್ಲಿ ಮಡಿಸಿದ ಕಂಬಳಿಯಿರಲಿ, ಗಟ್ಟಿ ನೆಲದ ಮೇಲೆ ಅಚ್ಚು ಸರಿಯಾಗಿ ಕೂರುವುದಿಲ್ಲ. ತಟ್ಟೆಯಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಕಪ್ಪು ಬಟ್ಟೆಬಣ್ಣ. ಎನ್‌ಟೊನ್ಸೋದ ಕೆಲಸಗಾರರು ಮೊದಲು ಬಾಚಣಿಗೆಯಂಥ ಸಾಧನವನ್ನು ಬಣ್ಣಕ್ಕೆ ಅದ್ದಿ ಗೆರೆಗಳನ್ನೆಳೆದು ಬಟ್ಟೆಯನ್ನು ಚೌಕಗಳಾಗಿ ವಿಂಗಡಿಸಿಕೊಳ್ಳುತ್ತಾರೆ, ಆಮೇಲೆ ಒಂದೊಂದು ಚೌಕದಲ್ಲೂ ಒಂದೊಂದು ಗುರುತನ್ನು ತುಂಬುತ್ತಾರೆ. ಹಳೆಯ ಬಾಚಣಿಗೆಯಿಂದ ಹಾಗೆಯೇ ಮಾಡಿಸಿ.

ಆಮೇಲೆ ಇನ್ನೊಂದು ಬಟ್ಟೆ ಹಾಸಿ, ಅಜ್ಜಿಯ ಗಾದೆಗೆ ಮಗುವೇ ಗುರುತು ಕಟ್ಟಲಿ. 'ಹನಿ ಹನಿ ಗೂಡಿದರೆ ಹಳ್ಳ' ಎಂಬುದಕ್ಕೆ ಯಾವ ಚಿತ್ರ? ಎರಡೇ ಗೆರೆಯಲ್ಲಿ ಹೇಳಲಾದೀತೆ? ಇಲ್ಲಿ ಮಕ್ಕಳ ತಲೆ ಓಡುವ ವೇಗ ದೊಡ್ಡವರಿಗೆ ಬರುವುದಿಲ್ಲ. ಆದರೆ ಅದನ್ನು ಅಡಿಂಕ್ರಾ ಎನ್ನಬೇಡಿ. ಅಡಿಂಕ್ರಾದಿಂದ ಕಲಿತು ನಾವು ಮಾಡಿದ ಗುರುತು ಎಂದು ಹೇಳಿ.

ಇನ್ನು ನಾಲ್ಕನೆಯ ದೇಶ ಉಕ್ರೇನ್. ಅಲ್ಲಿನ ಪಿಸಾಂಕಾ, ಅಂದರೆ ಈಸ್ಟರ್ ಹಬ್ಬದ ಚಿತ್ತಾರದ ಮೊಟ್ಟೆ, ಚಿಕ್ಕವರ ಕೈಗೆ ಕೊಡುವಂಥದ್ದಲ್ಲ. ಬಿಸಿ ಜೇನುಮೇಣದಲ್ಲಿ ಮೊಟ್ಟೆಯ ಮೇಲೆ ಗೆರೆ ಬರೆದು, ಹಳದಿಯಿಂದ ಕಪ್ಪಿನವರೆಗೆ ಒಂದಾದ ಮೇಲೊಂದು ಬಣ್ಣದಲ್ಲಿ ಅದ್ದಿ, ಕೊನೆಗೆ ಮೇಣ ಕರಗಿಸಿ ಒರೆಸುವ ಕಲೆ. 2024ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಆದರೆ ಅದರ ಗುಟ್ಟನ್ನು ಕಾಗದದ ಮೇಲೆ ತೋರಿಸಬಹುದು. ಮೊಟ್ಟೆ ತಾರದ ಮನೆಗಳಿಗೂ ಇದೇ ಅನುಕೂಲ. ದಪ್ಪ ಡ್ರಾಯಿಂಗ್ ಹಾಳೆಯ ಮೇಲೆ ಮೇಣದಬತ್ತಿಯಿಂದ ಒತ್ತಿ ಚಿತ್ರ ಬರೆದು ಅರಿಶಿನದ ನೀರು ಬಳಿಯಿರಿ. ಮೇಣವಿದ್ದಲ್ಲಿ ಬಿಳಿ ಉಳಿಯುತ್ತದೆ. ಒಣಗಿದ ಮೇಲೆ ಮತ್ತೆ ಮೇಣದ ಗೆರೆಗಳು. ಈಗ ಎಲೆಯಡಿಕೆಯ ಸುಣ್ಣವನ್ನು ನೀರಿನಲ್ಲಿ ಕದಡಿ, ತಿಳಿಯನ್ನು ದೊಡ್ಡವರೇ ಬಳಿಯಬೇಕು, ಕಣ್ಣಿಗೆ ತಾಕಬಾರದು. ಆರತಿ ತಟ್ಟೆಯ ಓಕುಳಿಯಂತೆ ಹಳದಿ ಕೆಂಪಾಗುತ್ತದೆ, ಎರಡನೆಯ ಸಲ ಮೇಣ ಹಚ್ಚಿದ ಕಡೆ ಮಾತ್ರ ಹಳದಿ ನಿಲ್ಲುತ್ತದೆ. ಒಣಗಿದಾಗ ಕೆಂಪು ಸ್ವಲ್ಪ ಮಂಕಾದರೂ ಬಿಳಿ, ಹಳದಿ, ಕೆಂಪು ಮೂರೂ ಪದರ ಕಾಣುತ್ತವೆ.

ಮಾಡಿಸಬಾರದವು

ಎಲ್ಲವೂ ಆಟದ ವಸ್ತುವಲ್ಲ ಎಂಬುದನ್ನೂ ಮಕ್ಕಳಿಗೆ ಕಲಿಸಬೇಕು. ಉತ್ತರ ಅಮೆರಿಕದ ಲಕೋಟಾ ಮೊದಲಾದ ಮೂಲನಿವಾಸಿಗಳ ಹದ್ದಿನ ಗರಿಯ ಶಿರಸ್ತ್ರಾಣ ಜನರಿಗಾಗಿ ದುಡಿದು, ಧೈರ್ಯ ತೋರಿ ಸಂಪಾದಿಸುವ ಗೌರವ. ಕೋಳಿಪುಕ್ಕ ಅಂಟಿಸಿದ ಕಾಗದದ ಪಟ್ಟಿಯನ್ನು ಮಕ್ಕಳ ತಲೆಗೆ ಕಟ್ಟಿ ಕುಣಿಸುವುದು ಅವರಿಗೆ ನೋವು ತರುತ್ತದೆ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಚುಕ್ಕೆ ಚಿತ್ರಗಳೂ ಹಾಗೆಯೇ. ಅವುಗಳಲ್ಲಿರುವುದು ಆಯಾ ಕುಟುಂಬಗಳ ಪುರಾಣ, ಅದನ್ನು ಬರೆಯುವ ಹಕ್ಕು ಆ ಕುಟುಂಬಗಳದು. ಇವನ್ನು ನೋಡಿಸಿ, ಬರೆದವರ ಹೆಸರು ಹೇಳಿ, ನಕಲು ಮಾಡಿಸಬೇಡಿ. ಅನುಮಾನ ಬಂದಾಗ ನಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದನ್ನು ಆ ಊರಿನವರು ಸಂತೆಯಲ್ಲಿ ಮಾರುತ್ತಾರೆಯೇ, ಇಲ್ಲ ದೇವರ ಮುಂದೆ, ಹಿರಿಯರ ಮುಂದೆ ಮಾತ್ರ ತೆಗೆಯುತ್ತಾರೆಯೇ? ಎರಡನೆಯದಾದರೆ ಮುಟ್ಟುವುದಿಲ್ಲ.

ಮಾಡಿದ ವಸ್ತುವನ್ನು ಗೋಡೆಗೆ ತೂಗುಹಾಕುವಾಗ ಪಕ್ಕದಲ್ಲಿ ಒಂದು ಚೀಟಿ ಇರಲಿ. ದೇಶದ ಹೆಸರಷ್ಟೇ ಸಾಲದು. ಯಾವ ಊರು, ಯಾವ ಜನ, ಅಲ್ಲಿ ಯಾವುದರಿಂದ ಮಾಡುತ್ತಾರೆ, ನಾವು ಯಾವುದರಿಂದ ಮಾಡಿದೆವು ಎಂದು ಮಗುವೇ ಬರೆಯಲಿ. 'ಆಫ್ರಿಕಾದ ಕಲೆ' ಎಂದು ಬರೆದರೆ ಐವತ್ತಕ್ಕೂ ಹೆಚ್ಚು ದೇಶಗಳನ್ನು ಒಂದೇ ಮೂಟೆಗೆ ತುಂಬಿದಂತಾಗುತ್ತದೆ.

ಹೊರದೇಶದಲ್ಲಿರುವ ಕನ್ನಡದ ಮನೆಗಳಿಗೆ ಇದು ತಿರುಗಿ ಬರುವ ಪಾಠ. ಮಗುವಿನ ತರಗತಿಯಲ್ಲೇ ಮೆಕ್ಸಿಕೋದ, ಘಾನಾದ, ಉಕ್ರೇನಿನ ಮಕ್ಕಳು ಇರಬಹುದು. ಆ ಮನೆಯ ಅಮ್ಮನನ್ನೋ ಅಜ್ಜಿಯನ್ನೋ ಕೇಳಿ ಕಲಿಯುವುದಕ್ಕೆ ಸಮನಾದ ಪುಸ್ತಕವಿಲ್ಲ. ನಮ್ಮ ಸರದಿ ಬಂದಾಗ ಕಸೂತಿಯನ್ನು ಒಯ್ಯಿರಿ. ಧಾರವಾಡ ಸೀಮೆಯ ಹೆಣ್ಣುಮಕ್ಕಳು ಇಳಕಲ್ ಸೀರೆಯ ಮೇಲೆ ನಕ್ಷೆ ಬರೆದುಕೊಳ್ಳದೆ, ಬಟ್ಟೆಯ ಎಳೆ ಎಣಿಸಿಯೇ ಗೋಪುರ, ತೇರು, ಆನೆ, ತುಳಸಿಕಟ್ಟೆ ಹಾಕುವ ಕಲೆ ಅದು. ಗವಂತಿ, ಮುರ್ಗಿ, ನೇಯ್ಗೆ, ಮೆಂತ್ಯೆ ಎಂದು ನಾಲ್ಕು ಹೊಲಿಗೆ. ಸೂಜಿ ಹಿಡಿಯಲಾಗದ ಮಕ್ಕಳಿಗೆ ಗ್ರಾಫ್ ಹಾಳೆ ಮತ್ತು ಎರಡು ಬಣ್ಣದ ಪೆನ್ ಕೊಡಿ. ಗವಂತಿಗೆ ಮೊದಲ ಬಣ್ಣದಲ್ಲಿ ಒಂದು ಮನೆ ಬಿಟ್ಟು ಒಂದು ಮನೆ ಗೆರೆ ಹಾಕುತ್ತಾ ಹೋಗಬೇಕು, ತುದಿ ಮುಟ್ಟಿದ ಮೇಲೆ ಎರಡನೆಯ ಬಣ್ಣದಲ್ಲಿ ಬಿಟ್ಟ ಮನೆಗಳನ್ನು ತುಂಬುತ್ತಾ ಹೊರಟಲ್ಲಿಗೆ ಬರಬೇಕು. ಮುರ್ಗಿಗೆ ಅದೇ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಏರಿ ಇಳಿಯುತ್ತದೆ. ಎಳೆಯ ತುದಿಗೆ ಗಂಟು ಹಾಕುವಂತಿಲ್ಲ, ಈ ಎರಡು ಹೊಲಿಗೆಗಳಲ್ಲಿ ಬಟ್ಟೆಯ ಎರಡೂ ಮುಖ ಒಂದೇ ಥರ ಕಾಣಬೇಕು ಎಂಬ ಕಟ್ಟಳೆಯನ್ನು ಹೇಳಿ, ಕಸೂತಿಯ ಒಂದು ತುಂಡನ್ನು ತಿರುಗಿಸಿ ತಿರುಗಿಸಿ ನೋಡಲು ತರಗತಿಯ ಮಕ್ಕಳ ಕೈಗೇ ಕೊಡಿ.